ಡಾಕ್ಟರನ್ನು ಕೊಂದವನು ‘ಬಂದೂಕುಧಾರಿ’, ಸೈನಿಕನನ್ನು ಕೊಂದವನು ‘ಉಗ್ರ’: ಯಾಕೆ ಹೀಗೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಗರ್ಭಪಾತ ಮಾಡುವ ಡಾಕ್ಟರುಗಳನ್ನು ಕೊಂದವರನ್ನು ಪತ್ರಿಕೆಗಳು ‘ಬಂದೂಕುಧಾರಿ’, ‘ಹಂತಕ’ ಅಂತ ಬರೆಯುತ್ತವೆ. ಅದೇ ಕೆಲಸವನ್ನು ಮುಸ್ಲಿಂ ಹೆಸರಿನವನು ಮಾಡಿದರೆ ಮೊದಲ ದಿನವೇ ‘ಉಗ್ರ’ ಆಗುತ್ತಾನೆ. ಬೇಕಂತಲೇ ಹೀಗೆ ಮಾಡ್ತಾರಾ?

ಉತ್ತರ: ಬೇಕಂತಲೇ ಮಾಡುವವರೂ ಇರಬಹುದು. ಜಾಸ್ತಿ ಪಾಲು ಅಭ್ಯಾಸಬಲ. ಅಭ್ಯಾಸ ಅಂದಮಾತ್ರಕ್ಕೆ ತಪ್ಪೇನೂ ಸಣ್ಣದಾಗುವುದಿಲ್ಲ, ಅಲ್ವಾ?

ಒಂದರ ಹಿಂದೆ ಒಂದು ಬಂದ ಎರಡು ದಿನ ನೋಡೋಣ. 2009ರ ಮೇ 31, ಭಾನುವಾರ. ಕನ್ಸಾಸ್ ರಾಜ್ಯದ ವಿಚಿಟಾ ಊರಿನ ಚರ್ಚಿನಲ್ಲಿ ಡಾ. ಜಾರ್ಜ್ ಟಿಲ್ಲರ್ ಬಂದವರನ್ನು ಬರಮಾಡಿಕೊಳ್ಳುವ ಕೆಲಸ ಮಾಡುತ್ತಿದ್ದರು. ತಿಂಗಳು ತುಂಬುತ್ತಾ ಬಂದ ಮೇಲೂ ಗರ್ಭಪಾತ ಮಾಡುತ್ತಿದ್ದ ಅಮೆರಿಕದ ಕೆಲವೇ ಡಾಕ್ಟರುಗಳಲ್ಲಿ ಅವರೊಬ್ಬರು. 1986ರಲ್ಲಿ ಅವರ ಕ್ಲಿನಿಕ್‌ನಲ್ಲಿ ಬಾಂಬ್ ಸಿಡಿದಿತ್ತು. 1993ರಲ್ಲಿ ಶೆಲ್ಲಿ ಶಾನನ್ ಎಂಬಾಕೆ ಅವರ ಎರಡೂ ತೋಳಿಗೆ ಗುಂಡು ಹೊಡೆದಿದ್ದಳು. ಈ ಸಲ ಸ್ಕಾಟ್ ರೋಡರ್ ಚರ್ಚಿನೊಳಗೇ ಬಂದು ತಲೆಗೆ ಗುಂಡಿಟ್ಟ.

ಮರುದಿನ, ಜೂನ್ 1. ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಸೇನೆಯ ನೇಮಕಾತಿ ಕಚೇರಿ ಮುಂದೆ ಇಬ್ಬರು ಸೈನಿಕರ ಮೇಲೆ ಅಬ್ದುಲ್ ಹಕೀಮ್ ಮುಹಮ್ಮದ್ ಗುಂಡು ಹಾರಿಸಿದ. ಒಬ್ಬರು ತೀರಿಕೊಂಡರು. ಇವನು ಇಸ್ಲಾಂಗೆ ಮತಾಂತರ ಆದವನು, ಯೆಮನ್‌ಗೆ ಹೋಗಿಬಂದವನು.

ಎರಡೂ ಕಡೆ ಒಬ್ಬನೇ ಮನುಷ್ಯ, ಒಂದು ಬಂದೂಕು, ಒಂದು ಹೆಣ. ಇಬ್ಬರೂ ತಾವೇ ಮಾಡಿದ್ದು ಅಂದರು, ಕಾರಣವನ್ನೂ ಹೇಳಿದರು. ಆದರೂ ಎದ್ದ ಪ್ರಶ್ನೆಗಳೇ ಬೇರೆ. ಮುಹಮ್ಮದ್ ಬಗ್ಗೆ ‘ಯಾರ ಜತೆ ನಂಟು?’ ಅಂತ. ರೋಡರ್ ಬಗ್ಗೆ ‘ತಲೆ ಸರಿ ಇತ್ತಾ?’ ಅಂತ. ತಮಾಷೆ ಅಂದರೆ, ನಂಟು ರೋಡರ್‌ಗೂ ಇತ್ತು. ಟಿಲ್ಲರ್ ತೋಳಿಗೆ ಗುಂಡು ಹೊಡೆದ ಆ ಶಾನನ್‌ಳನ್ನು ಅವನು ಜೈಲಿಗೇ ಹೋಗಿ ಮಾತಾಡಿಸಿ ಬಂದಿದ್ದ. ಅವಳ ಮನೆ ಹಿತ್ತಿಲಲ್ಲಿ ಪೊಲೀಸರು ಅಗೆದಾಗ ‘ಆರ್ಮಿ ಆಫ್ ಗಾಡ್’ ಹೆಸರಿನ ಕೈಪಿಡಿ ಸಿಕ್ಕಿತ್ತು. ಕ್ಲಿನಿಕ್ ಹಾಳುಮಾಡುವುದು ಹೇಗೆ, ಬಾಂಬ್ ಮಾಡುವುದು ಹೇಗೆ ಅಂತ ಹೇಳಿಕೊಡುವ ಪುಸ್ತಕ ಅದು. ಹಾಗಿದ್ದೂ ರೋಡರ್ ‘ಒಂಟಿ ಹಂತಕ’ನಾಗಿಯೇ ಉಳಿದ. ಅವನ ಮೇಲೆ ಸಾಬೀತಾಗಿದ್ದು ಕೊಲೆ ಕೇಸು.

ಇದರಲ್ಲಿ ಕಾನೂನಿನ ಪಾಲೂ ಇದೆ. 2001ರ ಪೇಟ್ರಿಯಟ್ ಕಾಯ್ದೆ ‘ದೇಶದೊಳಗಿನ ಭಯೋತ್ಪಾದನೆ’ ಅಂದರೆ ಏನು ಅಂತ ಹೇಳಿತು. ಜನರನ್ನು ಹೆದರಿಸಲು ಅಥವಾ ಸರ್ಕಾರದ ನೀತಿ ಬದಲಿಸಲು ಮಾಡುವ, ಜೀವಕ್ಕೆ ಅಪಾಯ ತರುವ ಅಪರಾಧ ಅಂತ. ಕ್ಲಿನಿಕ್ ಬಾಂಬಿಗೆ ಅಳತೆ ತೆಗೆದು ಹೊಲಿದ ಹಾಗಿದೆ. ಆದರೆ ಆ ಹೆಸರಿಗೆ ಅಂತ ಬೇರೆ ಶಿಕ್ಷೆ ಇಡಲಿಲ್ಲ. ವಿದೇಶಿ ಉಗ್ರ ಸಂಘಟನೆಗೆ ನೆರವು ಕೊಟ್ಟರೆ ಮಾತ್ರ ಅದಕ್ಕೇ ಅಂತ ಒಂದು ಸೆಕ್ಷನ್ ಉಂಟು. ಹಾಗಾಗಿ ಹೊರದೇಶದ ನಂಟು ಸಿಕ್ಕರೆ ಚಾರ್ಜ್‌ಶೀಟಿನಲ್ಲಿ ಆ ಪದ ಬರುತ್ತದೆ. ಇಲ್ಲದಿದ್ದರೆ ಕೊಲೆ, ಸ್ಫೋಟಕ, ಶಸ್ತ್ರಾಸ್ತ್ರ ಅಂತಷ್ಟೇ. ವರದಿಗಾರ ಚಾರ್ಜ್‌ಶೀಟ್ ನೋಡಿ ಬರೆಯುತ್ತಾನೆ. ಅವನು ಬರೆದಿದ್ದನ್ನು ಸುದ್ದಿ ಏಜೆನ್ಸಿ ಕಳಿಸುತ್ತದೆ. ನಮ್ಮ ಡೆಸ್ಕಿನವರು ಅದನ್ನೇ ಕನ್ನಡ ಮಾಡುತ್ತಾರೆ.

ಆದರೆ ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟಲಾಗದು. ಈ ಕಾಯ್ದೆ ಬರುವ ಮೊದಲೂ ಕಥೆ ಇದೇ. 1984ರ ಡಿಸೆಂಬರಿನಲ್ಲಿ, ಕ್ಲಿನಿಕ್‌ಗಳಲ್ಲಿ ಸಾಲುಸಾಲಾಗಿ ಬಾಂಬ್ ಸಿಡಿಯುತ್ತಿದ್ದಾಗ, ಎಫ್‌ಬಿಐ ಮುಖ್ಯಸ್ಥ ವಿಲಿಯಂ ವೆಬ್‌ಸ್ಟರ್ ಇದು ಭಯೋತ್ಪಾದನೆ ಅಲ್ಲ ಅಂದರು. ಇಂಥದ್ದೇ ಗುಂಪು ಅಂತ ಬೊಟ್ಟು ಮಾಡಲು ಯಾರೂ ಇಲ್ಲ ಅನ್ನುವುದು ಅವರ ವಾದ. ಅದೇ ತಿಂಗಳು ಕ್ರಿಸ್‌ಮಸ್ ಬೆಳಿಗ್ಗೆ ಫ್ಲಾರಿಡಾದ ಪೆನ್ಸಕೋಲಾದಲ್ಲಿ ಮೂರು ಕಡೆ ಬಾಂಬ್ ಸಿಡಿಯಿತು. ಮಾಡಿದವರು ಇದು ಯೇಸುವಿಗೆ ಹುಟ್ಟುಹಬ್ಬದ ಉಡುಗೊರೆ ಅಂದರು. ಈಗ ಎಫ್‌ಬಿಐ ಗರ್ಭಪಾತದ ಹೆಸರಿನ ಹಿಂಸೆಯನ್ನು ತನ್ನ ಭಯೋತ್ಪಾದನೆ ಪಟ್ಟಿಯಲ್ಲೇ ಇಟ್ಟಿದೆ. ಆ ಪದ ಮಾತ್ರ ಪತ್ರಿಕೆಗಳ ಬಾಯಿಗೆ ಇನ್ನೂ ಬರುವುದಿಲ್ಲ.

ಎರಿಕ್ ರುಡಾಲ್ಫ್‌ನನ್ನೇ ನೋಡಿ. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಬಾಂಬ್ ಇಟ್ಟವನು. ಆಮೇಲೆ 1997ರ ಜನವರಿಯಲ್ಲಿ ಅದೇ ಅಟ್ಲಾಂಟಾ ಹೊರವಲಯದ ಒಂದು ಗರ್ಭಪಾತ ಕ್ಲಿನಿಕ್‌ನಲ್ಲಿ ಎರಡು ಬಾಂಬ್ ಇಟ್ಟ. ಮೊದಲನೆಯದು ಕಟ್ಟಡಕ್ಕೆ. ಎರಡನೆಯದು ಸುಮಾರು ಒಂದು ಗಂಟೆ ಬಿಟ್ಟು, ಓಡಿಬಂದ ಪೊಲೀಸರಿಗೆ ಮತ್ತು ರಕ್ಷಣಾ ಸಿಬ್ಬಂದಿಗೆ. ಇಂಥವನು ಐದು ವರ್ಷ ನಾರ್ತ್ ಕೆರೊಲಿನಾದ ಕಾಡಿನಲ್ಲಿ ಅಡಗಿದ್ದಾಗ ಆ ಕಡೆ ‘ರನ್ ರುಡಾಲ್ಫ್ ರನ್’ ಅಂತ ಟೀ ಶರ್ಟ್ ಮಾರಾಟವಾದವು. ಉಗ್ರನ ಹೆಸರಲ್ಲಿ ಟೀ ಶರ್ಟ್!

ಪ್ರಚಾರದಲ್ಲೂ ಇದೇ ತಾರತಮ್ಯ. 2006ರಿಂದ 2015ರವರೆಗೆ ಅಮೆರಿಕದಲ್ಲಿ ನಡೆದ 136 ಭಯೋತ್ಪಾದಕ ದಾಳಿಗಳ ಸುದ್ದಿಯನ್ನು ಅಲ್ಲಿನ ಸಂಶೋಧಕರು ಎಣಿಸಿದರು. ದಾಳಿ ಮಾಡಿದವನು ಮುಸ್ಲಿಂ ಆಗಿದ್ದರೆ ಸುದ್ದಿ 357% ಜಾಸ್ತಿ.

ಗರ್ಭಪಾತ ವಿರೋಧಿಗಳದ್ದೂ ಒಂದು ದೂರಿದೆ, ಅದನ್ನೂ ಹೇಳಬೇಕು. 2022ರಲ್ಲಿ ಗರ್ಭಪಾತದ ಹಕ್ಕಿನ ಪರ ನಿಂತ ‘ಜೇನ್ಸ್ ರಿವೆಂಜ್’ ಎಂಬ ಗುಂಪಿನ ಹೆಸರಲ್ಲಿ ಅವರ ಕಚೇರಿಗಳಿಗೆ ಬೆಂಕಿ ಬಿದ್ದಾಗ ಮಾಧ್ಯಮ ಮೆತ್ತಗೆ ಬರೆಯಿತು ಅಂತ. ದೂರಿನಲ್ಲಿ ಹುರುಳಿದೆ. ಬೆಂಕಿ ಯಾರು ಹಚ್ಚಿದರೂ ಬೆಂಕಿಯೇ. ಆದರೆ ಎರಡೂ ಸಮ ಅನ್ನಲಾರೆ. ಗರ್ಭಪಾತ ವಿರೋಧಿ ಹಿಂಸೆಗೆ 1993ರಿಂದ ಈಚೆಗೆ 11 ಜನ ಸತ್ತಿದ್ದಾರೆ. 1977ರಿಂದ ಲೆಕ್ಕ ಹಿಡಿದರೆ 42 ಬಾಂಬ್ ಸ್ಫೋಟಗಳಾಗಿವೆ. ಅಮೆರಿಕದ ಗರ್ಭಪಾತ ಕ್ಲಿನಿಕ್‌ಗಳ ಒಕ್ಕೂಟ ಇಟ್ಟ ಲೆಕ್ಕ ಇದು.

ಕನ್ನಡದಲ್ಲಿ ಇನ್ನೊಂದು ತಾಪತ್ರಯ. ‘ಉಗ್ರ’ ಎರಡೇ ಅಕ್ಷರ, ಸಿಂಗಲ್ ಕಾಲಂ ಹೆಡ್ಡಿಂಗಿಗೆ ಹೇಳಿ ಮಾಡಿಸಿದ್ದು. ‘ಗರ್ಭಪಾತ ವಿರೋಧಿ ಬಂದೂಕುಧಾರಿ’ ಯಾವ ಕಾಲಮ್ಮಿನಲ್ಲಿ ಹಿಡಿಸುತ್ತದೆ? ಕೊನೆಗೆ ‘ದುಷ್ಕರ್ಮಿ’ ಅಂತ ಮುಗಿಸುತ್ತಾರೆ. ಸರ ಕಿತ್ತವನೂ ದುಷ್ಕರ್ಮಿ, ಬಾಂಬ್ ಇಟ್ಟವನೂ ದುಷ್ಕರ್ಮಿ. ಯಾಕೆ ಇಟ್ಟ ಅನ್ನೋದು ಅಲ್ಲೇ ಮಾಯ.

ಹಾಗಾದರೆ ಏನಂತ ಬರೀಬೇಕು? ರಾಯ್ಟರ್ಸ್‌ನಂಥ ಸುದ್ದಿ ಏಜೆನ್ಸಿಗಳು ‘ಉಗ್ರ’ ಅನ್ನುವ ಪದವನ್ನು ತಾವಾಗಿ ಬಳಸುವುದಿಲ್ಲ, ಯಾರಾದರೂ ಅಂದಿದ್ದರೆ ಅವರ ಬಾಯಲ್ಲೇ ಹೇಳಿಸುತ್ತವೆ. ಅದೂ ಒಂದು ದಾರಿ. ನಾನಾದರೆ ರೋಡರ್ ಸುದ್ದಿಗೆ ‘ಉಗ್ರ’ ಅಂತಲೇ ಹೆಡ್ಡಿಂಗ್ ಕೊಡುತ್ತೇನೆ. ಚೀಫ್ ಸಬ್ (ಮುಖ್ಯ ಉಪಸಂಪಾದಕರು) ಅದನ್ನು ಹೊಡೆದುಹಾಕಿದರೆ ಜಗಳ ಮಾಡುವುದಿಲ್ಲ. ಲಿಟಲ್ ರಾಕ್ ಸುದ್ದಿಯ ಪೇಜನ್ನೂ ಅವರ ಮುಂದೆ ಇಟ್ಟು ಬರುತ್ತೇನೆ, ಅಷ್ಟೇ.