ಭಾರ ಹೊರೋದು ಮೂಳೆನಾ, ಸ್ನಾಯುನಾ?

ಒಂದು ಕಾಲು ಮುಂದಿಟ್ಟು ಮಂಡಿ ಮಡಚಿ ನಿಲ್ಲೋ ವೀರಭದ್ರಾಸನದಲ್ಲಿ ಮುಂದಿನ ಮಂಡಿ ಹಿಮ್ಮಡಿ ನೇರಕ್ಕೇ ಇರ್ಬೇಕು, ಮುಂದಕ್ಕೆ ಹೋಗ್ಬಾರದು. ಜಯನಗರದ ಟೆರೇಸ್ ಕ್ಲಾಸ್ ಇರಲಿ, ಮಲ್ಲೇಶ್ವರದ ಸ್ಟುಡಿಯೋ ಇರಲಿ, ಬೆಳಗ್ಗೆ ಪಾರ್ಕಲ್ಲಿ ಮ್ಯಾಟ್ ಹಾಸ್ಕೊಂಡು ಕೂರೋ ಗುಂಪಿರಲಿ, ಈ ಮಾತು ಎಲ್ಲಾ ಕಡೆ ಕೇಳ್ಸುತ್ತೆ. ಯಾಕೆ ಅಂತ ಕೇಳಿದ್ರೆ ಮಾತ್ರ ಬಹಳ ಸಲ ಬರೋ ಉತ್ತರ ಒಂದೇ, "ಹಂಗಿದ್ರೆ ಎನರ್ಜಿ ಸರಿಯಾಗಿ ಹರಿಯುತ್ತೆ". ನನಗೆ ಈ ಉತ್ತರ ಸಾಕಾಗಲ್ಲ. ತಪ್ಪು ಅಂತಲ್ಲ, ಆದ್ರೆ ಅದರ ಹಿಂದೆ ಇರೋ ಸ್ನಾಯು, ಮೂಳೆ, ಗುರುತ್ವಾಕರ್ಷಣೆಯ ಲೆಕ್ಕ ಎಷ್ಟು ಚೆನ್ನಾಗಿದೆ ಅಂದ್ರೆ ಅದನ್ನ ಹೇಳದೇ ಬಿಟ್ರೆ ಕಲಿಯೋರಿಗೆ ನಷ್ಟ.

ನಮ್ಮೂರಲ್ಲಿ ಮನೆ ಮನೆಗೆ ಬರುತ್ತಲ್ಲ 20 ಲೀಟರ್ ನೀರಿನ ಕ್ಯಾನ್, ಅದನ್ನ ಹೆಗಲ ಮೇಲೆ ಇಟ್ಕೊಂಡು ಹುಡುಗರು ಮೂರು ಮಹಡಿ ಹತ್ತಿಬಿಡ್ತಾರೆ, ಅದೇ ಕ್ಯಾನನ್ನ ಕೈ ಚಾಚಿ ಮುಂದಕ್ಕೆ ಹಿಡ್ಕೋ ಅಂದ್ರೆ ಅರ್ಧ ನಿಮಿಷನೂ ಆಗಲ್ಲ. ತೂಕ ಅಷ್ಟೇ, ಭಾರದ ಗೆರೆಗೂ (ಭಾರ ನೇರ ಕೆಳಕ್ಕೆ ಎಳೆಯೋ ಗೆರೆ) ಕೀಲಿಗೂ ನಡುವಿನ ದೂರ ಮಾತ್ರ ಬೇರೆ. ಭೌತಶಾಸ್ತ್ರದಲ್ಲಿ ಟಾರ್ಕ್ ಅನ್ನೋದು ಇದೇ, ಬಲವನ್ನ ಆ ದೂರದಿಂದ ಗುಣಿಸಿದ್ರೆ ಬರೋದು. ವೀರಭದ್ರಾಸನದಲ್ಲಿ ಮಂಡಿ ಮುಂದೆ ಹೋದಷ್ಟೂ ಈ ದೂರ ಜಾಸ್ತಿ ಆಗುತ್ತೆ, ತೊಡೆಯ ಮುಂಭಾಗದ ಸ್ನಾಯು ಇನ್ನೂ ಜೋರಾಗಿ ಎಳೀಬೇಕು, ಮಂಡಿಚಿಪ್ಪು ಇನ್ನೂ ಒತ್ತಿಕೊಳ್ಳುತ್ತೆ. ಆರೋಗ್ಯವಾಗಿರೋ ಮಂಡಿಗೆ ಇದರಿಂದ ತಕ್ಷಣ ಏನೂ ಆಗಲ್ಲ, ಮೆಟ್ಟಿಲು ಇಳಿಯುವಾಗ ದಿನಾ ಮುಂದೆ ಹೋಗ್ತಾನೇ ಇರುತ್ತೆ. ಆದ್ರೆ ಆಸನದಲ್ಲಿ ನಿಲ್ಲೋದು ಹೊತ್ತುಗಟ್ಟಲೆ, ಅದಕ್ಕೇ ಭಾರನ ಆದಷ್ಟು ಮೂಳೆಗೆ ವಹಿಸೋದು ಜಾಣತನ.

ತಾಡಾಸನದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತೆ. ನೆಟ್ಟಗೆ ನಿಂತಾಗ ಭಾರದ ಗೆರೆ ಹಿಪ್ ಕೀಲಿನ ಸ್ವಲ್ಪ ಹಿಂದೆ, ಮಂಡಿಯ ಸ್ವಲ್ಪ ಮುಂದೆ, ಹರಡಿನ ಮುಂದೆ ಹಾದುಹೋಗುತ್ತೆ, ಹಾಗಾಗಿ ಹಿಪ್ಪಿನ ಮುಂಭಾಗದಲ್ಲಿರೋ ಬಲವಾದ ಲಿಗಮೆಂಟೇ ಬಿಗಿಯಾಗಿ ಸೊಂಟನ ತಡೆದು ನಿಲ್ಲಿಸುತ್ತೆ, ಮೀನಖಂಡದ ಸ್ನಾಯು ಮಾತ್ರ ಸದ್ದಿಲ್ಲದೆ ಕೆಲಸ ಮಾಡ್ತಿರುತ್ತೆ, ಉಳಿದವು ಹೆಚ್ಚುಕಮ್ಮಿ ರೆಸ್ಟ್. ಸುಮ್ನೆ ನಿಲ್ಲೋಕೆ ಕೂರೋದಕ್ಕಿಂತ ಸ್ವಲ್ಪವೇ ಹೆಚ್ಚು ಶಕ್ತಿ ಸಾಕಾಗೋದು ಇದರಿಂದಲೇ.

ಇಲ್ಲೊಂದು ವಿಚಿತ್ರ ಇದೆ. ಆಸನದಲ್ಲಿ ಅಲ್ಲಾಡದೇ ನಿಂತ್ರೆ ಭೌತಶಾಸ್ತ್ರದ ಪ್ರಕಾರ ಮಾಡಿದ ಕೆಲಸ ಸೊನ್ನೆ, ಯಾಕಂದ್ರೆ ಏನೂ ಚಲಿಸಿಲ್ಲ. ಆದ್ರೂ ತೊಡೆ ನಡುಗುತ್ತೆ, ಬೆವರು ಬರುತ್ತೆ. ಸ್ನಾಯುವಿನ ಒಳಗೆ ಮಯೋಸಿನ್ ಅನ್ನೋ ಪ್ರೋಟೀನ್ ಪಕ್ಕದ ಎಳೆಯನ್ನ ಹಿಡಿದು, ಎಳೆದು, ಬಿಟ್ಟು, ಮತ್ತೆ ಹಿಡೀತಾ ಇರುತ್ತೆ, ಪ್ರತಿ ಸಲಕ್ಕೂ ಜೀವಕೋಶದ ಇಂಧನವಾದ ಎಟಿಪಿಯ ಒಂದು ಅಣು ಖರ್ಚು. ಅಷ್ಟೇ ಅಲ್ಲ, ಹಿಡಿತ ಬಿಡೋಕೂ ಎಟಿಪಿ ಬೇಕು, ಸತ್ತ ದೇಹ ಸೆಟೆದುಕೊಳ್ಳೋದು ಅದು ಇಲ್ಲದೇ ಇರೋದಕ್ಕೇ. ಅಂದ್ರೆ ಶವಾಸನದಲ್ಲಿ ಮೈ ಸಡಿಲ ಆಗೋದೂ ಜೀವಂತ ಕ್ರಿಯೆಯೇ! ಇನ್ನೊಂದು, ಸ್ನಾಯು ತುಂಬಾ ಬಿಗಿಯಾದ್ರೆ ಅದರೊಳಗಿನ ರಕ್ತನಾಳಗಳನ್ನೇ ಹಿಸುಕುತ್ತೆ, ರಕ್ತ ಹೋಗಲ್ಲ, ಬಿಪಿ ಏರುತ್ತೆ. ಅಲೈನ್‌ಮೆಂಟ್, ಅಂದ್ರೆ ಮೂಳೆ ಕೀಲುಗಳ ಜೋಡಣೆ, ಸರಿ ಮಾಡಿದಾಗ ಬಿಗಿತ ಕಮ್ಮಿ ಆಗಿ ರಕ್ತ ನಿಜಕ್ಕೂ ಹರಿಯುತ್ತೆ. ಟೀಚರ್ ಹೇಳೋ "ಹರಿಯುತ್ತೆ"ಗೆ ಇಷ್ಟು ಗಟ್ಟಿ ಆಧಾರ ಇರುವಾಗ ಅದನ್ನ ಯಾಕೆ ಬಿಡ್ಬೇಕು? ಪತಂಜಲಿ ಆಸನಕ್ಕೆ ಪ್ರಯತ್ನಶೈಥಿಲ್ಯ, ಅಂದ್ರೆ ಪ್ರಯತ್ನ ಸಡಿಲ ಮಾಡೋದು, ಬೇಕು ಅಂದಿದ್ದನ್ನ ನಾನು ಹೀಗೇ ಓದ್ತೀನಿ.

ಅಲೈನ್‌ಮೆಂಟನ್ನ ಇಷ್ಟು ಗಂಭೀರವಾಗಿ ತಗೊಂಡವರು ನಮ್ಮ ಕಡೆಯವರೇ, ಬಿ.ಕೆ.ಎಸ್. ಅಯ್ಯಂಗಾರ್. ಹುಟ್ಟಿದ್ದು 1918ರಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಲ್ಲಿ. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲಾ ಬಂದು ಬಡಕಲಾಗಿದ್ದ ಹುಡುಗ ಮೈಸೂರಲ್ಲಿ ಭಾವ, ಯೋಗಗುರು ಕೃಷ್ಣಮಾಚಾರ್ಯರ ಹತ್ರ ಕಲಿತು, 1937ರಲ್ಲಿ ಪುಣೆಗೆ ಹೋದ್ರು. ಮರದ ಇಟ್ಟಿಗೆ, ಬೆಲ್ಟ್, ಕುರ್ಚಿ, ಹಗ್ಗ ಇವನ್ನೆಲ್ಲಾ ಆಸನಕ್ಕೆ ತಂದ್ರು. ಪಕ್ಕಕ್ಕೆ ಬಗ್ಗಿ ಕೈ ಕೆಳಗೆ ತರೋ ತ್ರಿಕೋನಾಸನದಲ್ಲಿ ಕೈ ಕೆಳಗೆ ಇಟ್ಟಿಗೆ ಇಡೋದು ಅಂದ್ರೆ ನೆಲವನ್ನೇ ನಮ್ಮ ಹತ್ರ ತರೋದು, ಆಗ ಬೆನ್ನು ಬಾಗಬೇಕಾಗಿಲ್ಲ. ಅವರ ಪದ್ಧತಿ ಕಲಿತ ಅಮೆರಿಕದ ಜಾನ್ ಫ್ರೆಂಡ್ 1997ರಲ್ಲಿ ಅನುಸಾರ ಯೋಗ ಶುರು ಮಾಡಿ, ಒಳಕ್ಕೆ ಸೆಳೆಯೋದನ್ನ ಮಸ್ಕ್ಯುಲರ್ ಎನರ್ಜಿ, ಹೊರಕ್ಕೆ ಚಾಚೋದನ್ನ ಆರ್ಗ್ಯಾನಿಕ್ ಎನರ್ಜಿ ಅಂತ ಕರೆದ್ರು. ಇವು ಮೀಟರ್ ಹಿಡಿದು ಅಳೆಯೋ ಶಕ್ತಿಗಳಲ್ಲ, ಆದ್ರೆ ಸೂಚನೆಗಳಾಗಿ ಕೆಲಸ ಮಾಡ್ತವೆ: ಮೊದಲು ಕೀಲಿನ ಸುತ್ತಲ ಸ್ನಾಯುಗಳೆಲ್ಲಾ ಸೇರಿ ಅದನ್ನ ಭದ್ರ ಮಾಡ್ಲಿ, ಆಮೇಲೆ ಚಾಚಿ, ಅಷ್ಟೇ. ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗೋ ಪಶ್ಚಿಮೋತ್ತಾನಾಸನದಲ್ಲಿ ತೊಡೆ ಮುಂಭಾಗ ಗಟ್ಟಿ ಮಾಡಿದ್ರೆ ಹಿಂಭಾಗ ಸಡಿಲ ಆಗೋದಕ್ಕೂ ನರಮಂಡಲದಲ್ಲೇ ವ್ಯವಸ್ಥೆ ಇದೆ, ಒಂದು ಸ್ನಾಯು ಎಳೆದಾಗ ಎದುರಿನದಕ್ಕೆ "ಬಿಡು" ಅನ್ನೋ ಸಂದೇಶ ಹೋಗುತ್ತೆ. ಇದನ್ನ ವಿವರವಾಗಿ ಅಧ್ಯಯನ ಮಾಡಿದ ನರವಿಜ್ಞಾನಿ ಶೆರಿಂಗ್ಟನ್‌ಗೆ 1932ರಲ್ಲಿ ನೊಬೆಲ್ ಬಂತು.

ನಾಡಿಗಳ, ಅಂದ್ರೆ ಪ್ರಾಣ ಹರಿಯುತ್ತೆ ಅನ್ನೋ ದಾರಿಗಳ, ವಿಷಯ ಬೇರೆ. ಹಠಯೋಗ 72,000 ನಾಡಿ ಅನ್ನುತ್ತೆ, ದೇಹ ಕೊಯ್ದು ನೋಡಿದ್ರೆ ಆ ನಕ್ಷೆ ಸಿಗಲ್ಲ. ಆದ್ರೆ ಅದನ್ನ ಬರೆದವರು ದೇಹನ ಒಳಗಿಂದ ಗಮನಿಸಿದವರು, ಕೆಲವು ಗಮನಿಕೆ ಬಹಳ ಸೂಕ್ಷ್ಮ. ಉಸಿರು ಒಮ್ಮೆ ಬಲ ಹೊಳ್ಳೆಯಲ್ಲಿ ಜಾಸ್ತಿ, ಕೆಲವು ಗಂಟೆ ಬಿಟ್ಟು ಎಡ ಹೊಳ್ಳೆಯಲ್ಲಿ ಜಾಸ್ತಿ ಆಗೋದನ್ನ ಅವರು ಸೂರ್ಯ, ಚಂದ್ರ ನಾಡಿ ಅಂತ ಗುರುತಿಸಿದ್ರು, ಆಧುನಿಕ ವೈದ್ಯಕೀಯದಲ್ಲಿ ಇದು ದಾಖಲಾಗಿದ್ದು 1895ರಲ್ಲಿ.

ನನಗೆ ಬೇಜಾರಾಗೋದು ಎಲ್ಲರನ್ನೂ ಒಂದೇ ಫೋಟೋಗೆ ಹೊಂದಿಸೋಕೆ ಹೋದಾಗ. ತೊಡೆ ಮೂಳೆಯ ಕುತ್ತಿಗೆ ಎಷ್ಟು ಮುಂದಕ್ಕೆ ತಿರುಗಿದೆ, ಸೊಂಟದ ಗುಣಿ ಎಷ್ಟು ಆಳ ಅನ್ನೋದು ಒಬ್ಬೊಬ್ಬರಿಗೂ ಬೇರೆ. ರಿಂಗ್ ರೋಡ್ ಆಫೀಸಲ್ಲಿ ಕೂತು ಕೂತು ಬಿಗಿಯಾದ ಸ್ನಾಯು ತಿಂಗಳುಗಟ್ಟಲೆ ಅಭ್ಯಾಸದಲ್ಲಿ ಸಡಿಲ ಆಗ್ಬಹುದು, ಮೂಳೆಯ ಆಕಾರ ಬದಲಾಗಲ್ಲ. ಮೂಳೆಯ ಆಕಾರವೇ ಅಡ್ಡ ಬರೋರನ್ನ ಪದ್ಮಾಸನಕ್ಕೆ ಒತ್ತಿದ್ರೆ ಹಿಪ್ ತಿರುಗದೇ ಇರೋ ಪಾಲು ಮಂಡಿ ಮೇಲೆ ಬೀಳುತ್ತೆ, ಮಂಡಿ ಮುಖ್ಯವಾಗಿ ಮಡಚೋ ಕೀಲು, ತಿರುಚೋಕೆ ಮಾಡಿದ್ದಲ್ಲ. ತೊಡೆ ಒಳಭಾಗ ಎಳೆದಂಗಾದ್ರೆ ಸ್ನಾಯು, ತೊಡೆಸಂದಿಯಲ್ಲಿ ಗಟ್ಟಿಯಾಗಿ ತಡೆದಂಗೆ, ಚುಚ್ಚಿದಂಗೆ ಆದ್ರೆ ಬಹುಶಃ ಮೂಳೆ, ಅಲ್ಲಿಗೇ ನಿಲ್ಲಿಸಿ.

ಶೀರ್ಷಾಸನದಲ್ಲಂತೂ ಈ ಲೆಕ್ಕ ಬಿಡೋ ಹಂಗೇ ಇಲ್ಲ. ಅನುಭವಿಗಳ ಮೇಲೆ ಮಾಡಿದ ಅಳತೆಯಲ್ಲೇ ತಲೆ ಮೇಲೆ ದೇಹದ ತೂಕದ 40ರಿಂದ 48 ಪರ್ಸೆಂಟ್ ಬಿದ್ದಿದೆ, ಅಂದ್ರೆ 60 ಕೆಜಿ ಇರೋರಿಗೆ 24 ಕೆಜಿ ಮೇಲೆ, ದಿನಾ 5 ಕೆಜಿ ತಲೆ ಹೊರೋ ಕುತ್ತಿಗೆಗೆ. ಭುಜ, ಮುಂಗೈ ಚೆನ್ನಾಗಿ ಒತ್ತಿದ್ರೆ ಸ್ವಲ್ಪ ಕಮ್ಮಿ ಮಾಡ್ಬಹುದು, ಹಗ್ಗದಲ್ಲಿ ತಲೆಕೆಳಗಾಗಿ ತೂಗಿದ್ರೆ ಕುತ್ತಿಗೆಗೆ ಭಾರನೇ ಇಲ್ಲ. ಆದ್ರೆ ಶೀರ್ಷಾಸನದಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ, ಮೈ ಎಷ್ಟೇ ನೇರ ಇದ್ರೂ ಅದು ಏರೋದೇ. ಗ್ಲಾಕೋಮಾ (ಕಣ್ಣಿನ ನರ ಹಾಳಾಗೋ ಕಾಯಿಲೆ) ಇರೋರು ಮೊದಲ ಕ್ಲಾಸಲ್ಲೇ ಟೀಚರ್‌ಗೆ ಹೇಳಿ, ಈ ಆಸನ ಬಿಟ್ಟುಬಿಡಿ.