ದನದ ದೊಡ್ಡರೋಗ ಹೋಯಿತು, ಆಡು-ಕುರಿಯ ಪಿಪಿಆರ್ ಯಾಕೆ ಉಳಿಯಿತು?

ಬಕ್ರೀದ್ ಹತ್ತಿರ ಬಂತು ಅಂದ್ರೆ ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಕುರಿ ಸಂತೆಯಲ್ಲಿ ಕಾಲಿಡೋಕೆ ಜಾಗ ಇರಲ್ಲ. ಕೊಳ್ಳೋರು ಟಗರಿನ ತುಟಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಅಂತ ನೋಡುತ್ತಾರೆ, ಬೇಡ ಅನ್ನಿಸಿದರೆ ಅದೇ ಕೈಯನ್ನು ಪಕ್ಕದ ಆಡಿನ ಬಾಯಿಗೂ ಹಾಕುತ್ತಾರೆ. ಆಡು-ಕುರಿಗೆ ಬರುವ ಅಂಟುರೋಗ ಪಿಪಿಆರ್ (ಪೆಸ್ಟ್ ಡೆ ಪೆಟಿ ರುಮಿನಂಟ್ಸ್). ಅದರ ವೈರಸ್‌ಗೆ ಹರಡೋಕೆ ಇಷ್ಟು ಸಾಕು. ರೋಗ ಬಂದ ಪ್ರಾಣಿಯ ಜೊಲ್ಲು, ಸಿಂಬಳ, ಭೇದಿ, ಕೆಮ್ಮಿದಾಗ ಹಾರುವ ಹನಿ, ಎಲ್ಲದರಲ್ಲೂ ಅದು ಇರುತ್ತದೆ. ಆಮೇಲೆ ಜ್ವರ, ಬಾಯಿಹುಣ್ಣು. ಮೂಗಿನ ಸಿಂಬಳ ಒಣಗಿ ಹೊಳ್ಳೆ ಮುಚ್ಚಿಹೋಗಿ ಆಡು ಬಾಯಲ್ಲಿ ಉಸಿರೆಳೆಯೋದನ್ನು ನೋಡೋಕಾಗಲ್ಲ.

ಈ ವೈರಸ್ ದನದ ದೊಡ್ಡರೋಗದ (ರಿಂಡರ್‌ಪೆಸ್ಟ್) ವೈರಸ್‌ಗೆ ಹತ್ತಿರದ ಸಂಬಂಧಿ. ಮನುಷ್ಯರ ದಡಾರದ ವೈರಸ್ಸೂ ಅದೇ ಗುಂಪಿನದು. ದೊಡ್ಡರೋಗಕ್ಕೆ ಹಳ್ಳಿಗಳ ಕೊಟ್ಟಿಗೆಗಳೇ ಖಾಲಿಯಾಗುತ್ತಿದ್ದ ಕಾಲದಲ್ಲಿ, 1925ರಲ್ಲಿ, ಬೆಂಗಳೂರಿನಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಗಿದ್ದೇ ಅದನ್ನು ತಡೆಯೋಕೆ. ಆಗ ಆಡು-ಕುರಿ ಹೀಗೆ ಸತ್ತರೆ ಅದೂ ದೊಡ್ಡರೋಗವೇ ಅಂದುಕೊಳ್ಳುತ್ತಿದ್ದರು.

1942ರಲ್ಲಿ ಆಫ್ರಿಕಾದ ಐವರಿ ಕೋಸ್ಟ್‌ನಲ್ಲಿ ಅನುಮಾನ ಬಂತು. ಆಡು-ಕುರಿ ಸಾಯುತ್ತಿವೆ, ಜೊತೆಗಿದ್ದ ದನಕ್ಕೆ ಏನೂ ಆಗ್ತಿಲ್ಲ! ಆದರೂ ಇದು ಬೇರೆಯದೇ ವೈರಸ್ ಅಂತ ಗಟ್ಟಿಯಾಗಿದ್ದು 1979ರಲ್ಲಿ. ಭಾರತದಲ್ಲಿ 1987ರಲ್ಲಿ ತಮಿಳುನಾಡಿನ ಅರಸೂರಿನಲ್ಲಿ ಮೊದಲು ಪತ್ತೆಯಾಯಿತು. ಅಷ್ಟು ಹೊತ್ತಿಗೆ ಅದು ಎಷ್ಟು ಮಂದೆ ತಿಂದಿತ್ತೋ.

ಆಡಿನಿಂದ ಕುರಿಗೆ, ಕುರಿಯಿಂದ ಆಡಿಗೆ ಇದು ಸುಲಭವಾಗಿ ದಾಟುತ್ತದೆ. ಎಷ್ಟೋ ಸಲ ಆಡಿಗೆ ಜೋರಾಗಿ ಬಂದು, ಕುರಿಯಲ್ಲಿ ಸುಮ್ನೆ ನೆಗಡಿಯಂತೆ ಕಾಣುತ್ತದೆ, ಯಾರ ಗಮನಕ್ಕೂ ಬರದೆ ಹರಡೋದರಿಂದ ಅದೇ ಜಾಸ್ತಿ ಅಪಾಯ. ದನ-ಎಮ್ಮೆಯ ಮೈಗೂ ವೈರಸ್ ಹೊಕ್ಕುತ್ತದೆ, ಆದರೆ ಸಾಮಾನ್ಯವಾಗಿ ಅವಕ್ಕೆ ಕಾಯಿಲೆ ಬರೋದಿಲ್ಲ, ಬೇರೆಯದಕ್ಕೆ ದಾಟಿಸೋದೂ ಇಲ್ಲ. ಹಾಗಾಗಿ ಹಸುವಿನ ಪಕ್ಕ ಕುರಿ ಕಟ್ಟಿದ್ದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಸಂತೆಯಿಂದ ತಂದ ಮರಿಯನ್ನು ಅವತ್ತೇ ಮಂದೆಗೆ ಬಿಡೋದಕ್ಕೆ. ಮೂರು ವಾರ ಬೇರೆ ಕಟ್ಟಿ, ನೀರು-ಮೇವೂ ಬೇರೆ ಕೊಡಿ.

ದೊಡ್ಡರೋಗ ದೇಶದಲ್ಲಿ ಕೊನೆಯದಾಗಿ ಕಂಡಿದ್ದು 1995ರಲ್ಲಿ, 2011ರಲ್ಲಿ ಪ್ರಪಂಚದಿಂದಲೇ ಹೋಯಿತು. ಪಿಪಿಆರ್ ಅನ್ನೂ 2030ರೊಳಗೆ ಹಾಗೇ ಮುಗಿಸೋ ಗುರಿ ಇದೆ. ಲಸಿಕೆ ಚೆನ್ನಾಗಿದೆ, ಒಮ್ಮೆ ಹಾಕಿದರೆ ಮೂರು ವರ್ಷ ಕಾಯುತ್ತದೆ. ತೊಡಕು ಇರೋದು ಬೇರೆ ಕಡೆ. ಹಸು ವರ್ಷಗಟ್ಟಲೆ ಮನೆಯಲ್ಲಿರುತ್ತದೆ, ಟಗರು ಒಂದೆರಡು ವರ್ಷದಲ್ಲೇ ಮಾರಾಟ ಆಗಿರುತ್ತದೆ. ಹೋದ ವರ್ಷ ಲಸಿಕೆ ಹಾಕಿಸಿಕೊಂಡ ಮಂದೆಯಲ್ಲಿ ಈ ವರ್ಷ ಅರ್ಧಕ್ಕರ್ಧ ಹೊಸ ಮರಿಗಳೇ ಇರಬಹುದು, ಅವಕ್ಕೆ ಮೂರ್ನಾಲ್ಕು ತಿಂಗಳು ತುಂಬುತ್ತಿದ್ದಂತೆ ಮತ್ತೆ ಹಾಕಿಸಲೇಬೇಕು.