ಪ್ರೋಸೆಸ್ ರೆಕಾರ್ಡಿಂಗ್ ಅಂದ್ರೆ ಏನು?

ಸೈಕಿಯಾಟ್ರಿ ಪೋಸ್ಟಿಂಗ್‌ಗೆ, ಅಂದ್ರೆ ಮಾನಸಿಕ ರೋಗಿಗಳ ವಾರ್ಡಿನ ತರಬೇತಿಗೆ, ಹೋದ ನರ್ಸಿಂಗ್ ವಿದ್ಯಾರ್ಥಿಗಳ ಮುಂದೆ ಈ ಹೆಸರು ಎತ್ತಿ ನೋಡಿ, ಮುಖ ಸಪ್ಪಗಾಗುತ್ತದೆ. ರೋಗಿಯ ಜೊತೆ ಆಡಿದ ಮಾತನ್ನೆಲ್ಲ ಆಡಿದ ಹಾಗೇ ಬರೆಯಬೇಕು: ಅವರು ಏನಂದರು, ನಾನೇನಂದೆ, ಆಗ ಅವರ ಮುಖ ಹೇಗಿತ್ತು, ಅದರಿಂದ ನನಗೇನು ಗೊತ್ತಾಯಿತು. ಸುಮ್ನೆ ಮಾರ್ಕ್ಸ್‌ಗೆ ತುಂಬೋ ಕಾಲಮ್ಮು ಅಂತ ಅನ್ನಿಸೋದು ಸಹಜ. ಆದರೆ ಸೈಕಿಯಾಟ್ರಿಕ್ ನರ್ಸಿಂಗ್‌ನ ಒಂದು ದೊಡ್ಡ ಥಿಯರಿಯ ಬೇರು ಇಂಥ ಬರಹದಲ್ಲೇ ಇದೆ.

ಅಮೆರಿಕದ ನರ್ಸ್ ಹಿಲ್ಡೆಗಾರ್ಡ್ ಪೆಪ್ಲಾವ್ (1909–1999) ಅವರದು ಆ ಥಿಯರಿ. ನರ್ಸ್ ಮತ್ತು ರೋಗಿಯ ನಡುವೆ ಬೆಳೆಯುವ ಸಂಬಂಧವೇ ಚಿಕಿತ್ಸೆಯ ಕೆಲಸ ಮಾಡುತ್ತದೆ ಅಂತ 1952ರ ತಮ್ಮ ಪುಸ್ತಕದಲ್ಲಿ ಬರೆದರು. ಬರೆದು ಮುಗಿಸಿದ್ದು 1948ರಲ್ಲೇ. ಸಹಲೇಖಕರಾಗಿ ಒಬ್ಬ ಡಾಕ್ಟರ ಹೆಸರಿಲ್ಲದೆ ನರ್ಸ್ ಒಬ್ಬರೇ ಪುಸ್ತಕ ತರೋದು ಆ ಕಾಲಕ್ಕೆ ವಿಚಿತ್ರ, ಅದಕ್ಕೇ ಅಷ್ಟು ತಡ. ಈ ಸಂಬಂಧಕ್ಕೆ ಅವರು ನಾಲ್ಕು ಹಂತ ಹೇಳಿದ್ದರು, ಈಗ ಕ್ಲಾಸಲ್ಲಿ ಮೂರೇ ಕೇಳುತ್ತೇವೆ: ಪರಿಚಯ, ಕೆಲಸ, ಮುಕ್ತಾಯ.

ಒಂದು ಉದಾಹರಣೆ ನೋಡಿ. "ನನ್ನ ನೋಡೋಕೆ ಮನೆಯಿಂದ ಯಾರೂ ಬರಲ್ಲ ಸಿಸ್ಟರ್" ಅಂತಾರೆ ರೋಗಿ. "ಅಯ್ಯೋ, ಬರ್ತಾರೆ ಬಿಡಿ, ಯೋಚನೆ ಮಾಡ್ಬೇಡಿ" ಅಂತ ನಾವು ಹೇಳಿಬಿಡುತ್ತೇವೆ. ಒಳ್ಳೇ ಮನಸ್ಸಿಂದಲೇ ಹೇಳಿದ್ದು, ಅಲ್ವಾ? ಸಂಜೆ ಕೂತು ಬರೆದಾಗ ಕಾಣುತ್ತದೆ, ಆಮೇಲೆ ಅವರು ಮಾತೇ ಆಡಿಲ್ಲ. ಪಠ್ಯಪುಸ್ತಕದ ಭಾಷೆಯಲ್ಲಿ ಇದು ಸುಳ್ಳು ಸಮಾಧಾನ. "ಯಾರೂ ಬರಲ್ಲ ಅಂದ್ರಿ, ಸ್ವಲ್ಪ ಹೇಳ್ತೀರಾ?" ಅಂದಿದ್ದರೆ ಮಾತು ಮುಂದೆ ಹೋಗುತ್ತಿತ್ತೇನೋ. ಆ ಸಂಕಟ ಕೇಳೋಕಾಗದೆ ಬಾಯಿ ಮುಚ್ಚಿಸಿದ್ದು ನಮ್ಮದೇ ಆತಂಕ. ಆತಂಕ ಒಬ್ಬರಿಂದ ಒಬ್ಬರಿಗೆ ದಾಟುತ್ತದೆ, ಜಾಸ್ತಿಯಾದಷ್ಟೂ ಮನುಷ್ಯನ ಗಮನ ಕಿರಿದಾಗುತ್ತದೆ ಅನ್ನೋದು ಪೆಪ್ಲಾವ್ ಒತ್ತಿ ಹೇಳಿದ ಮಾತು. ಅಲ್ಪ, ಮಧ್ಯಮ, ತೀವ್ರ, ಪ್ಯಾನಿಕ್ ಅಂತ ಅದಕ್ಕೆ ಅವರು ಕೊಟ್ಟ ನಾಲ್ಕು ಮಟ್ಟಗಳು ಇವತ್ತಿಗೂ ಪಾಠದಲ್ಲಿವೆ.

ಇದರಲ್ಲಿ ತೊಡಕೂ ಇದೆ. ನೆನಪಿನಿಂದ ಬರೆಯುವಾಗ ನಮ್ಮ ಮಾತು ನಮಗೇ ಗೊತ್ತಿಲ್ಲದಂತೆ ಚೆಂದವಾಗಿಬಿಡುತ್ತದೆ. ನಮ್ಮಲ್ಲಂತೂ ರೋಗಿ ಹೇಳೋದು ಕನ್ನಡದಲ್ಲಿ, ಫೈಲಿಗೆ ಹೋಗೋದು ಇಂಗ್ಲಿಷಲ್ಲಿ. "ಎದೆ ಭಾರ ಆಗಿದೆ ಸಿಸ್ಟರ್" ಅಂದದ್ದು ಅಲ್ಲಿ ಬರೀ "ಎದೆನೋವು" ಆಗಿ ಕೂತರೆ ಆ ಮಾತಿನ ಜೀವವೇ ಹೋಯಿತು. ಮೊದಲು ಅವರ ಮಾತಲ್ಲೇ ಬರೆದಿಟ್ಟುಕೊಳ್ಳಿ, ಹೆಸರು ಮಾತ್ರ ಬೇಡ.